ಇನ್ನು ತಳ್ಳುವುದು ಬೇಡ

ಮಮತಾ ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿಯ ಎಳೆ ಹಿಡಿದು ಅರ್ಧ ಸುತ್ತು ಬಂದಿದ್ದಳಷ್ಟೇ. ಎದುರಿಗೆ ಎರಡು ಕಾಲು ಬಂದು ನಿಂತವು. ತಲೆ ಎತ್ತದೆಯೇ ಯಾರೆಂದು ಗೊತ್ತಾಯಿತು. ರಂಗೋಲಿ ತುಳಿದುಹೋದೀತೆಂದು ಅಷ್ಟು ದೂರದಲ್ಲೇ ನಿಲ್ಲುವ ಗಂಡಸು ಹರಿಯಬ್ಬೆಯಲ್ಲಿ ಒಬ್ಬನೇ.

"ಇಷ್ಟು ಬೇಗ? ರೊಟ್ಟಿ ಇನ್ನೂ ಕಟ್ಟಿಲ್ಲ ಕಣ್ರಿ," ಎಂದಳು.

"ಇವತ್ತು ತಳ್ಳಾಕೆ ಬಂದಿಲ್ಲ." ಬೀರೇಶ್ ಕೈಯಲ್ಲಿದ್ದ ಗೋಣಿಚೀಲ ಎತ್ತಿ ತೋರಿಸಿದ. "ದುರ್ಗದಿಂದ ಕಾರಿಗೆ ಹೊಸ ಸ್ಟಾರ್ಟರ್ ತಂದೀನಿ. ಹಾಕ್ಬಿಡಾಣ."

ರಂಗೋಲಿ ಪುಡಿ ಅವಳ ಬೆರಳ ಸಂದಿಯಿಂದ ಸುರಿದು ಒಂದೇ ಕಡೆ ಗುಡ್ಡೆಯಾಯಿತು.

ಗಂಡ ತೀರಿಕೊಂಡ ಮೇಲೆ ಅವನ ಹಳೆಯ ಮಾರುತಿ ಕಾರೇ ಮಮತಾಳ ಕೈಕಾಲು. ದಿನಾ ಹಿರಿಯೂರಿನ ಹೋಟೆಲುಗಳಿಗೆ ರೊಟ್ಟಿ ಕೊಟ್ಟು, ಮಗಳು ನಾಗಶ್ರೀಯನ್ನು ಸ್ಕೂಲಿಗೆ ಬಿಟ್ಟು ಬರಬೇಕು. ಮಳೆಗಾಲ ಮುಗಿದು ಚಳಿ ಹಿಡಿದ ಒಂದು ಬೆಳಿಗ್ಗೆ ಕಾರು 'ಟಕ್' ಎಂದು ಸುಮ್ಮನಾಯಿತು.

"ಥಂಡಿ ಹಿಡಿದೈತೆ," ಎಂದರು ಅತ್ತೆ ಈರಕ್ಕ. ಎಳೆ ಕುರಿಮರಿಗೆ ಹೊದಿಸಿದ ಹಾಗೆ ಅಂದು ರಾತ್ರಿಯೇ ಬಾನೆಟ್ಟಿಗೆ ಕರಿ ಕಂಬಳಿ ಹೊದಿಸಿದರು. ಕಾರು ಬೆಚ್ಚಗಾಯಿತು, ಆದರೆ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೊರಟಿದ್ದ ಬೀರೇಶ್ ಕಂಬಳಿ ಹೊದ್ದ ಕಾರನ್ನು ನೋಡಿ ನಿಂತ. ಹಿಂದೆ ಟೆಂಪೋ ಓಡಿಸಿದವನು. ಮದುವೆಯ ಮಾತೆತ್ತಿದರೆ ಮಾತ್ರ ಕುರಿ ಎಣಿಸುವ ನೆಪದಲ್ಲಿ ಎದ್ದು ಹೋಗುವವನು.

"ಲೈಟ್ ಹಾಕಿ ಕೀ ತಿರುಗಿಸ್ರಿ," ಎಂದ. ಮತ್ತೆ ಟಕ್. ಲೈಟು ಮಂಕಾಗಲಿಲ್ಲ. "ಬ್ಯಾಟ್ರಿ ಚೆನ್ನಾಗೈತೆ." ಬಗ್ಗಿ, ಎಂಜಿನ್ ಕೆಳಬದಿಯಲ್ಲಿದ್ದ ಸ್ಟಾರ್ಟರನ್ನು ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿದ. "ಈಗ ತಿರುಗಿಸ್ರಿ." ಕಾರು ಗುರ್ರೆಂದು ಎದ್ದಿತು.

"ತಟ್ಟಿದ್ರೆ ಏಳತೈತೆ ಅಂದ್ರೆ ಸ್ಟಾರ್ಟರ್ ಒಳಗೇ ಸವೆದೈತೆ. ಬದಲಾಯಿಸ್ಬೇಕು."

"ಮುಂದಿನ ವಾರ ನೋಡಾಣ," ಎಂದಿದ್ದಳು ಮಮತಾ.

ಕೆಲವೇ ದಿನಕ್ಕೆ ತಟ್ಟುವುದಕ್ಕೂ ಅದು ಜಗ್ಗಲಿಲ್ಲ. ಆಗ ತಳ್ಳುವುದು ಶುರುವಾಯಿತು. ದಿನಾ ಬೆಳಿಗ್ಗೆ ಬೀರೇಶ್ ಬರುವನು, ಕುರಿಗಳು ಬೇಲಿಯ ಸೊಪ್ಪು ಮೇಯುತ್ತ ಕಾಯುವವು. ಊರೆಲ್ಲ ಮಮತಕ್ಕ ಎಂದು ಕರೆದರೂ ಅವನ ಬಾಯಿಗೆ ಆ 'ಅಕ್ಕ' ಬರಲೇ ಇಲ್ಲ. 'ರೀ' ಎನ್ನುವುದರಲ್ಲೇ ಕೆಲಸ ಮುಗಿಸುತ್ತಿದ್ದ.

ಕಾರಿನೊಳಗಿನ ಕನ್ನಡಿಯನ್ನು ಅವಳು ಒಂದಿಷ್ಟು ಕೆಳಗೆ ತಿರುಗಿಸಿಕೊಂಡಿದ್ದಳು. ಹಿಂದೆ ಬರುವ ಗಾಡಿಗಳಿಗಾಗಿ ಅಲ್ಲ. ಅದರಲ್ಲಿ ಅವನ ಬಾಗಿದ ಹಣೆ, ದಮ್ಮು ಹಿಡಿದ ನಗು ಕಾಣುತ್ತಿತ್ತು. ಕಾರು ಎದ್ದು ಮುಂದೆ ನುಗ್ಗಿದಾಗ, ಧೂಳಿನೊಳಗೆ ಎತ್ತಿದ ಒಂದು ಕೈ.

'ಮುಂದಿನ ವಾರ' ಮುಂದಕ್ಕೆ ಹೋಗುತ್ತಲೇ ಇತ್ತು.

"ಯಾಕಿಷ್ಟು ಅವಸರ?" ಎಂದಳು ಈಗ, ಅವನ ಗೋಣಿಚೀಲ ನೋಡುತ್ತ.

"ನಾಳೆ ಕುರಿ ಹೊಡ್ಕಂಡು ದಾವಣಗೆರೆ ಕಡೆ ಹೊರಡ್ತೀವಿ. ಗದ್ದೆ ಕೊಯ್ಲಾಗೈತೆ, ಗೊಬ್ಬರಕ್ಕೆ ಮಂದೆ ನಿಲ್ಲಿಸ್ಬೇಕು. ಬರೋದು ಉಗಾದಿಗೇನೇ." ಅವನು ಕಾರಿನ ಕಡೆ ನೋಡುತ್ತ ಹೇಳಿದ. "ಅಲ್ಲಿ ತನಕ ತಳ್ಳೋರು ಯಾರು?"

ಬ್ರಷ್ ಬಾಯಲ್ಲಿಟ್ಟುಕೊಂಡೇ ನಾಗಶ್ರೀ ಓಡಿ ಬಂದಳು. "ಅಮ್ಮಾ, ಒಂದು ಕೇಳ್ಲಾ?"

"ಬಾಯಿ ತೊಳ್ಕೋ ಮೊದ್ಲು."

ಬೀರೇಶ್ ಮೊದಲು ಬ್ಯಾಟರಿಯ ವಯರು ಕಳಚಿದ. ಜಾಕ್ ಕೊಟ್ಟು ಮುಂದಿನ ಗಾಲಿ ಎತ್ತಿ, ಕೆಳಗೆ ಗಟ್ಟಿ ದಿಮ್ಮಿ ಕೊಟ್ಟ. ಬಾನೆಟ್ಟಿನ ಮೇಲಿದ್ದ ಕರಿ ಕಂಬಳಿಯನ್ನು ಈರಕ್ಕನೇ ಎಳೆದು ಕಾರಿನಡಿ ಹಾಸಿದರು.

"ಬ್ಯಾಡಜ್ಜಿ, ಎಣ್ಣೆ ಆಗತೈತೆ."

"ಆಗ್ಲಿ ಬಿಡಪ್ಪ. ಮನೆಗೆ ಬಂದೋರಿಗೆ ಕಂಬಳಿ ಹಾಸೋದು ನಮ್ಮ ಪದ್ಧತಿ. ನೀನು ಕುಂತ್ಕಳೋದು ಬಿಟ್ಟು ಕಾರಿನಡಿ ಮಲಗಿದ್ರೆ ನಾನೇನ್ ಮಾಡ್ಲಿ?"

ಮಮತಾ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಕೇಳಿದ ಸ್ಪ್ಯಾನರ್ ಕೊಟ್ಟಳು. ಕೊಡುವಾಗ ಬೆರಳು ತಾಕಿ, ಅವಳ ಕೈಯ ರಂಗೋಲಿ ಬಿಳುಪು ಅವನಿಗೂ, ಅವನ ಕೈಯ ಕರಿ ಅವಳಿಗೂ ಹತ್ತಿತು. ಇಬ್ಬರೂ ಒರೆಸಿಕೊಳ್ಳಲಿಲ್ಲ.

"ರೀ," ಎಂದಿತು ಕಾರಿನಡಿಯ ದನಿ. "ನಿಮ್ಮ ಯಜಮಾನ್ರ ಗಾಡಿಗೆ ಬೇರೆಯವ್ರು ಕೈ ಹಾಕೋದು ನಿಮಗೆ ಇಷ್ಟ ಇಲ್ಲ ಅಂತ ಗೊತ್ತು. ಅದಕ್ಕೇ ಮುಂದಿನ ವಾರ ಅಂತಿದ್ರಿ. ಈಗ ಕೇಳ್ದೆ ತಂದಿದ್ದಕ್ಕೆ ಬೈಕೋಬ್ಯಾಡ್ರಿ."

ಬರೀ ಪಾದ ಕಾಣುವ ಗಂಡಸಿನ ಜೊತೆ ಮಾತಾಡುವುದು ಎಷ್ಟು ಸಲೀಸು ಎಂದು ಅವಳಿಗೆ ಆಗ ಹೊಳೆಯಿತು.

"ಅದಕ್ಕಲ್ಲ," ಎಂದಳು. "ಕಾರು ಸರಿಹೋದ್ರೆ ನೀವು ಬರಲ್ಲ ಅಂತ."

ಕಾರಿನಡಿ ಸ್ಪ್ಯಾನರ್ ಠಣ್ಣೆಂದು ಬಿತ್ತು.

"ಅಯ್ಯೋ, ಏಟಾತಾ?"

"ಹಣೆಗೆ. ಇರ್ಲಿ. ಇನ್ನೊಂದ್ಸಲ ಹೇಳ್ರಿ."

"ಇನ್ನೊಂದು ಏಟು ಬ್ಯಾಡ. ಮೊದ್ಲು ಆಚೆ ಬರ್ರಿ."

"ಆಚೆ ಬಂದ್ರೆ ನನಗೆ ಮಾತು ಬರಲ್ಲ. ಇಲ್ಲಿಂದ್ಲೇ ಹೇಳ್ತೀನಿ. ದಿನಾ ರಾತ್ರಿ ಮಲಗೋವಾಗ, ನಾಳೇನೂ ಈ ಕಾರು ಏಳ್ದೆ ಇರ್ಲಪ್ಪ ಬೀರಪ್ಪ ದೇವ್ರೇ ಅಂತ ಕೈ ಮುಗೀತಿದ್ದೆ. ನಿಮಗೆ ಕೆಟ್ಟದ್ದು ಬಯಸ್ದೆ ಅಂತ ಆಮೇಲೆ ತಪ್ಪುಗಾಣಿಕೇನೂ ಹಾಕೀನಿ."

ಮಮತಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂದದ್ದು ನಗುವಿನಿಂದಲೇ ಎಂದುಕೊಂಡಳು. ಅಷ್ಟು ಚಳಿಯಲ್ಲಿ ಒಂದು ದಿನವೂ ತಪ್ಪದೆ ಬಂದ ಆ ಪಾದಗಳಿಗೆ, ಧೂಳಲ್ಲಿ ಎತ್ತಿದ ಆ ಕೈಗೆ, ಯಾವ ಮಾತಲ್ಲಿ ಋಣ ತೀರಿಸಲಿ?

ಹಳೆಯ ಸ್ಟಾರ್ಟರ್ ಹೊರಬಂತು. ಹೊಸದನ್ನು ಕೂರಿಸಿ, ಬೋಲ್ಟು ಬಿಗಿದು, ವಯರು ಜೋಡಿಸಿ ಅವನು ಎದ್ದು ಬಂದು ಗಾಲಿ ಇಳಿಸಿದ. ಹಣೆಯಲ್ಲಿ ಸಣ್ಣ ಬುಗುಟು. ಅವಳು ಹಳೆಯದನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಅದು ಗುಜರಿಗೆ ಹೋಗೋದು ಕಣ್ರಿ. ಕೆಟ್ಟೋಗೈತೆ."

"ಕೆಟ್ಟಿದ್ದಕ್ಕೇ ಇಟ್ಕಳ್ತೀನಿ," ಎಂದಳು. ಅವನು ನೆಲ ನೋಡಿದ. ಕಿವಿ ಕೆಂಪಾಯಿತು.

ಜಗಲಿಯಿಂದ ಈರಕ್ಕ ಯಾರಿಗೂ ಅಲ್ಲವೆಂಬಂತೆ ಹೇಳಿದರು: "ನಮ್ಮಪ್ಪ ಸತ್ತ ಮೇಲೆ ನಮ್ಮವ್ವನಿಗೂ ಎರಡನೇ ಸಲ ಸೀರೆ ಉಡಿಸಿ ಕರ್ಕಂಡು ಹೋಗಿದ್ರು. ಆ ಮನೇಲೇ ನಾನು ಬೆಳೆದಿದ್ದು. ಚೆನ್ನಾಗೇ ಬೆಳೆದೆ." ಮಗನನ್ನು ಕಳೆದುಕೊಂಡ ಆ ಮುದುಕಿ ಇಷ್ಟು ಹೇಳಿ ಕಂಬಳಿ ಕೊಡವಿದರು. ಅದನ್ನು ಬಾನೆಟ್ಟಿಗೆ ಹಾಕಲಿಲ್ಲ. ಒಳಗೆ ಒಯ್ದು ಪಡಸಾಲೆಯಲ್ಲಿ ಹಾಸಿದರು.

ಮಮತಾ ಸೀಟಲ್ಲಿ ಕೂತು ಕೀ ತಿರುಗಿಸಿದಳು. ಒಂದೇ ತಿರುವಿಗೆ ಕಾರು ಎದ್ದಿತು. ಯಾರೂ ತಳ್ಳಲಿಲ್ಲ. ಕನ್ನಡಿಯಲ್ಲಿ ಖಾಲಿ ದಾರಿಯಿತ್ತು. ಬೀರೇಶ್ ಈಗ ಅವಳ ಕಿಟಕಿಯ ಪಕ್ಕದಲ್ಲಿ ನಿಂತಿದ್ದ.

"ಅಮ್ಮಾ, ಈಗ್ಲಾದ್ರೂ ಕೇಳ್ಲಾ?" ಎಂಜಿನ್ ಸದ್ದಿನ ಮೇಲೆ ನಾಗಶ್ರೀ ಕೂಗಿದಳು.

ಇಷ್ಟು ದಿನ, ಒಮ್ಮೆ ಎದ್ದ ಕಾರನ್ನು ಆಫ್ ಮಾಡಲು ಮಮತಾಳಿಗೆ ಧೈರ್ಯವಿರಲಿಲ್ಲ. ಈಗ ಕೀ ತಿರುಗಿಸಿ ಆಫ್ ಮಾಡಿದಳು. ಅಂಗಳ ನಿಶ್ಶಬ್ದವಾಯಿತು.

"ಕೇಳು ಮಗಾ."

ನಾಗಶ್ರೀ ಅಮ್ಮನನ್ನು ಕೇಳಲಿಲ್ಲ. ಬೀರೇಶನ ಮಸಿ ಹತ್ತಿದ ಬೆರಳು ಹಿಡಿದು ಮುಖ ಮೇಲೆತ್ತಿದಳು.

"ಮಾಮ, ಉಗಾದಿಗೆ ವಾಪಸ್ ಬಂದಾಗ ನಿಮ್ಮನೆಗೆ ಹೋಗ್ತೀಯಾ, ನಮ್ಮನೆಗೇ ಬರ್ತೀಯಾ?"