ಹತ್ತನೆಯ ರಾಶಿಯ ತೇವ

"ಟೀಚರಮ್ಮ, ನನ್ನ ಮಾನ ಉಳಿಸ್ರಿ!" ಎನ್ನುತ್ತ ಬಸವಕ್ಕ ಗುರುಲಿಂಗಮ್ಮನವರ ಮನೆಗೆ ನುಗ್ಗಿದಾಗ ನನ್ನ ಚಹಾ ಇನ್ನೂ ಆರಿರಲಿಲ್ಲ. ಗುರುಲಿಂಗಮ್ಮ ನಿವೃತ್ತ ಲೆಕ್ಕದ ಟೀಚರು. ಆದೋನಿಯಲ್ಲಿ ಏನೇ ಮೋಸ ನಡೆದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ಬಡಿಯುತ್ತಾರೆ. ನಾನು ವಾಗೀಶ್, ಅವರ ಹಳೆಯ ದಡ್ಡ ಶಿಷ್ಯ, ಈಗ ಅವರ ಆಟೋ ಸಾರಥಿ.

ಆಲೂರು ಕಡೆಯ ಬಸವಕ್ಕ ಸಿದ್ದಬಸಪ್ಪನ ಜಿನ್ನಿಂಗ್ ಮಿಲ್ಲಿಗೆ ಹತ್ತಿ ತಂದಿದ್ದಳು. ತೇವದ ಪಟ್ಟಿ ನೋಡಿ, ತೂಕಕ್ಕಾಗಿ ನೀರು ಹೊಡೆದಿದ್ದಾಳೆಂದು ಸಿದ್ದಬಸಪ್ಪ ಎಲ್ಲರೆದುರು ಕೂಗಾಡಿ, ಇನ್ನು ಗೇಟಿನೊಳಗೆ ಕಾಲಿಡಬೇಡ ಎಂದಿದ್ದ. "ಒಂದು ಹನಿ ಹೊಡದಿಲ್ರಿ. ಊರಾಗ ಹೆಂಗ ಮುಖ ತೋರಿಸ್ಲಿ?" ಎಂದಳು.

ಮಿಲ್ಲಿನಲ್ಲಿ ಗುರುಲಿಂಗಮ್ಮ ಸಾಲಿನಲ್ಲಿ ಹತ್ತನೆಯದಾಗಿದ್ದ ಅವಳ ರಾಶಿಗೆ ಮೊಣಕೈವರೆಗೆ ಕೈ ತೂರಿಸಿದರು. "ಒಳಗೂ ಒಣಗೇ ಐತಿ."

"ಬಿಸಿಲಿಗೆ ಹರವ್ಯಾಳ, ಒಣಗೇತಿ. ಹೊರಗ ದಬ್ರಿ ಆಕಿನ್ನ!" ಎಂದ ವ್ಯಾಪಾರಿ ಹಾಲೇಶ್. ಎರಡನೆಯ ರಾಶಿ ಅವನದು. ಬೆಳಿಗ್ಗೆಯಿಂದ ಎಲ್ಲರಿಗಿಂತ ಜೋರು ಗಂಟಲು ಅವನದೇ ಅಂತೆ. ನನಗೆ ಮೈಯೆಲ್ಲ ಉರಿಯಿತು.

ಗುರುಲಿಂಗಮ್ಮ ಮಾತ್ರ ಮಿಲ್ಲಿನ ಪದ್ಧತಿ ಕೇಳಿದರು. ಪಕ್ಷಪಾತ ಆಗಬಾರದೆಂದು ಪ್ರತಿ ರಾಶಿಯಿಂದ ತೆಗೆದ ಮಾದರಿ ಗಂಟಿಗೆ ಹೆಸರೂ ಇಲ್ಲ, ನಂಬರೂ ಇಲ್ಲ. ರಾಶಿಗಳ ಸಾಲಿನಂತೆಯೇ ಗಂಟುಗಳನ್ನು ಟೇಬಲ್ಲಿನ ಮೇಲೆ ಇಡುತ್ತಾರೆ. ತೇವ ಅಳೆಯುವವನು ಅದೇ ಸಾಲಿನಲ್ಲಿ ಬರೀ ಅಂಕಿ ಬರೆಯುತ್ತಾನೆ. ಆಫೀಸಿನ ಸೌಜನ್ಯ ಅವನ್ನು ಮೇಲಿನಿಂದ ಕೆಳಕ್ಕೆ ಕಂಪ್ಯೂಟರಿನ ಪಟ್ಟಿಗೆ ತುಂಬುತ್ತಾಳೆ.

ಅಳೆದವನ ಚೀಟಿಯಲ್ಲಿ ಎರಡನೆಯ ಅಂಕಿಯೊಂದೇ ದೊಡ್ಡದಿತ್ತು.

"ನಿನ್ನೆ ಎಷ್ಟು ರಾಶಿ ಬಂದಿದ್ವವ್ವ?" ಎಂದು ಗುರುಲಿಂಗಮ್ಮ ಸೌಜನ್ಯಳನ್ನು ಕೇಳಿದರು.

"ಏಳು, ಮೇಡಂ. ಈ ಪಟ್ಟಿ ಶುರು ಆದಾಗಿಂದ ಒಂಬತ್ತು ದಾಟಿಲ್ಲ. ಇವತ್ತೇ ಹನ್ನೆರಡು."

ಗುರುಲಿಂಗಮ್ಮ ನಕ್ಕರು. ಆ ನಗು ನನಗೆ ಗೊತ್ತು. ಯಾರದೋ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಎಲ್ಲರನ್ನೂ ಕಂಪ್ಯೂಟರಿನ ಮುಂದೆ ಕರೆಸಿದರು.

"ಸೌಜನ್ಯ, ರಾಶಿ ನಂಬರ್ ಮೇಲಿಂದ ಓದು."

"ಒಂದು, ಹತ್ತು, ಹನ್ನೊಂದು, ಹನ್ನೆರಡು, ಎರಡು..." ಅವಳ ದನಿ ಇಳಿಯಿತು.

"ನಂಬರನ್ನ ನೀ ಅಂಕಿ ಅಂತ ಕೊಟ್ಟಿಲ್ಲ, ಬರಹ ಅಂತ ಕೊಟ್ಟೀದಿ. ಕಂಪ್ಯೂಟರು ಹೆಸರು ಜೋಡಿಸಿದಂಗ ಮೊದಲನೇ ಅಕ್ಷರ ನೋಡಿ ಜೋಡಿಸೇತಿ. ಹತ್ತು ಬರಿಯೋದು ಒಂದರಿಂದ. ಅದಕ್ಕ ಎರಡಕ್ಕಿಂತ ಮುಂದ ಬಂದು ನಿಂತೈತಿ. ಒಂಬತ್ತರ ತನಕ ಈ ತೊಂದರೆ ಇಲ್ಲ, ಯಾರಿಗೂ ತಿಳೀಲಿಲ್ಲ. ಇವತ್ತು ಎರಡನೇ ಗಂಟಿನ ತೇವ ಪಟ್ಟಿಯ ಎರಡನೇ ಸಾಲಿಗೆ ಬಿತ್ತು. ಆ ಸಾಲಿನಾಗ ಇದ್ದಾಕಿ ಬಸವಕ್ಕ."

"ಹಂಗಾದ್ರ ಒದ್ದೆ ಹತ್ತಿ ಯಾರದ್ರಿ?" ಸಿದ್ದಬಸಪ್ಪ ತೊದಲಿದ.

"ಟೇಬಲ್ ಮ್ಯಾಲ ಎರಡನೇ ಗಂಟು ಎರಡನೇ ರಾಶಿದು. ತನ್ನ ಪಾಪ ಇನ್ನೊಬ್ಬರ ತಲಿ ಮ್ಯಾಲ ಬಿದ್ದಿದ್ದು ಹಾಲೇಶಪ್ಪಗ ಆಗಲೇ ಗೊತ್ತಾಗೇತಿ. ಅದಕ್ಕ ಅಷ್ಟು ಅವಸರ. ಹೋಗೋ ವಾಗೀಶ, ನೋಡು."

ನಾನು ಓಡಿದೆ. ಮೇಲಿನ ಹತ್ತಿ ಗರಿಗರಿ. ಒಳಗೆ ಕೈ ಹಾಕಿದರೆ ನೀರು ಜಿನುಗಿತು. ಒದ್ದೆ ಹತ್ತಿಯನ್ನು ಎತ್ತಿ ಹಿಡಿದು ಎಲ್ಲರೆದುರು ಹಿಂಡಿದೆ. ಅಂಥ ಸುಖ ನಾನು ಎಂದೂ ಕಂಡಿಲ್ಲ! ಹಾಲೇಶ್ ತಲೆ ತಗ್ಗಿಸಿದ.

"ತಪ್ಪಾತವ್ವ," ಎಂದು ಸಿದ್ದಬಸಪ್ಪ ಮೆಲ್ಲಗೆ ಕೈಮುಗಿದ.

ಬಸವಕ್ಕ ಸೆರಗು ಬಿಗಿದು ನಿಂತಳು. "ಕೈ ಮುಗಿಬ್ಯಾಡ್ರಿ ಸಾವ್ಕಾರ್ರ. ಮುಂಜಾನಿ ಎಷ್ಟು ಜೋರು ಕೂಗಿದ್ರಿ, ಅಷ್ಟೇ ಜೋರು ಈಗೂ ಕೂಗ್ರಿ."

ಸಿದ್ದಬಸಪ್ಪ ಗೇಟಿನ ಬಳಿ ನಿಂತು, ಬಸವಕ್ಕನ ಹತ್ತಿ ಚೊಕ್ಕ ಎಂದು ಕೂಗಿದ. "ಕೇಳಲಿಲ್ರಿ," ಎಂದಳು ಆಕೆ. ಅವನು ಇನ್ನೊಮ್ಮೆ, ರಸ್ತೆಯ ಆಚೆಗೂ ಕೇಳುವಂತೆ ಕೂಗಿದ.