ನಲ್ಲೂರಿನ ಪುಸ್ತಕ

ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ ನಾನು ಒಂದೇ ಒಂದು ದೊಡ್ಡ ಸುಳ್ಳು ಹೇಳಿದ್ದೇನೆ. ಹೇಳಿ ಹತ್ತು ವರ್ಷವಾಯಿತು. ಸಾಹೇಬರಿಗೆ ಗೊತ್ತಾಗಿದ್ದರೆ ಒಂದು ಮೆಮೊ ಕೊಟ್ಟು ಸುಮ್ಮನಾಗುತ್ತಿದ್ದರು. ಆದರೆ ಗೊತ್ತಾದದ್ದು ಅವಳಿಗೆ.

1978ರ ಫೆಬ್ರವರಿ. ನಾನು, ಸವಳಂಗದ ಮಹೇಶ್ವರಪ್ಪ, ಆಗ ಚನ್ನಗಿರಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಗುಮಾಸ್ತ. ಇಪ್ಪತ್ತೆಂಟು ವರ್ಷ ವಯಸ್ಸು. ದಿನವಿಡೀ ಕೆಂಪು ಬಟ್ಟೆಯ ಗಂಟುಗಳ ನಡುವೆ ಕೂತು ಕೂತು ನನಗೂ ಧೂಳು ಹಿಡಿಯುತ್ತಿತ್ತು. ಊರೂರಿನ ಜನನ ಮರಣ ಪುಸ್ತಕಗಳೆಲ್ಲ ಕೊನೆಗೆ ಬಂದು ಸೇರುತ್ತಿದ್ದದ್ದು ನನ್ನ ಕಪಾಟಿಗೆ. ಯಾರು ಯಾವಾಗ ಹುಟ್ಟಿದರೆಂದು ಅವರಿಗಿಂತ ನನಗೇ ಚೆನ್ನಾಗಿ ಗೊತ್ತು ಎಂಬ ಜಂಬವೂ ಇತ್ತು.

"ಇಲ್ಲಿ ಹುಟ್ಟಿದ ತಾರೀಖು ಹುಡುಕಿಕೊಡ್ತಾರಂತಲ್ರೀ?"

ತಲೆ ಎತ್ತಿದೆ. ಬಾಗಿಲಿನಷ್ಟೇ ನೇರವಾಗಿ ಒಬ್ಬ ಹುಡುಗಿ ನಿಂತಿದ್ದಳು. ತಿಳಿಹಳದಿ ಸೀರೆ, ಮೊಣಕೈವರೆಗಿನ ತೋಳಿನ ರವಿಕೆ, ಕೈಯಲ್ಲಿ ನಾಲ್ಕಾಗಿ ಮಡಚಿದ ಅರ್ಜಿ. ಅರ್ಜಿಯ ಮೂಲೆಯಲ್ಲಿ ಸ್ಟ್ಯಾಂಪು ಸೊಟ್ಟಗೆ ಅಂಟಿಕೊಂಡಿತ್ತು.

"ಯಾರದು?"

"ನಂದೇ. ಶಿವಗಂಗಾ ಅಂತ. ಅಪ್ಪನ ಹೆಸರು ಷಣ್ಮುಖಪ್ಪ. ನಲ್ಲೂರು."

"ಸ್ಕೂಲಿನಾಗೆ ಬರೆಸಿರೋ ತಾರೀಖು ಇರ್ತದಲ್ರೀ?"

"ಅದೇ ನನ್ನ ಕೊರಳಿಗೆ ಬಿದ್ದಿರೋದು," ಎಂದು ಅವಳು ನಕ್ಕಳು. ನಗುವಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಬಲಗೆನ್ನೆ ಸುಮ್ಮನೆ ನೋಡುತ್ತಿತ್ತು.

ವಿಷಯ ಇಷ್ಟು. ಆ ಕಾಲದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಲು ಕಾಗದ ಕೇಳುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿತು ಎಂದು ಅರ್ಥ. ಶಿವಗಂಗಾ ನಾಲ್ಕೂವರೆ ವರ್ಷಕ್ಕೇ ಮುಟ್ಟಿಬಿಟ್ಟಿದ್ದಳು. ಮೇಷ್ಟ್ರು ಖುಷಿಯಿಂದ 1951ರ ಜೂನ್ ಒಂದು ಎಂದು ಬರೆದುಕೊಂಡರು. ಟೀಚರ್ ಟ್ರೇನಿಂಗ್ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುವಾಗ ತಿಳಿಯಿತು, ಇಪ್ಪತ್ತಾರು ದಾಟಿದವರಿಗೆ ಕೆಲಸವಿಲ್ಲ, ಕಾಗದದ ಮೇಲೆ ಅವಳು ದಾಟಿಬಿಟ್ಟಿದ್ದಾಳೆ. ತಾರೀಖು ತಿದ್ದಿಸಲು ಕೋರ್ಟಿಗೆ ಹೋಗಿದ್ದಳು. ಹುಟ್ಟಿದ ದಾಖಲೆಯ ನಕಲು ತರದಿದ್ದರೆ ಕೇಸು ನಿಲ್ಲುವುದಿಲ್ಲ ಎಂದು ವಕೀಲರು ಹೇಳಿದ್ದರು.

"ಅಷ್ಟು ಸಣ್ಣೋರು ಕಿವಿ ಹೆಂಗೆ ಮುಟ್ಟಿದ್ರಿ?" ಎಂದೆ, ನಂಬದವನಂತೆ.

"ಹಿಂಗೆ."

ಬಲಗೈ ಎತ್ತಿ, ತಲೆಯ ಮೇಲಿಂದ ತಂದು, ಎಡಗಿವಿಯ ಓಲೆಯನ್ನು ಬೆರಳ ತುದಿಯಿಂದ ಮುಟ್ಟಿದಳು. ಹಸಿರು ಬಳೆಗಳು ಝಲ್ಲೆಂದು ಮೊಣಕೈಗೆ ಇಳಿದವು. ಅಷ್ಟು ಉದ್ದನೆಯ, ಅಷ್ಟು ಚೆಂದದ ಕೈ ನಾನು ನೋಡಿರಲಿಲ್ಲ. ನನ್ನ ಕೈಯಲ್ಲಿದ್ದ ಸೀಲು ಅರ್ಜಿಯ ಬದಲು ಮೇಜಿನ ಮೇಲೆ ಬಿತ್ತು.

"ನಾಡಿದ್ದು ಬರ್ರಿ, ಹುಡುಕಿರ್ತೀನಿ," ಎಂದೆ.

ಅಲ್ಲಿಂದ ಶುರುವಾಯಿತು. ಎರಡು ದಿನಕ್ಕೊಮ್ಮೆ ಅವಳು ನಲ್ಲೂರಿನಿಂದ ಹತ್ತರ ಬಸ್ಸಿಗೆ ಬರುವಳು. ನಾನು ನಲ್ಲೂರಿನ ಪುಸ್ತಕ ಇಳಿಸುವೆ. ಅವಳು ಎದುರಿನ ಬೆಂಚಿನ ಮೇಲೆ ಕೂರುವಳು. ಐವತ್ತೆರಡನೇ ಇಸವಿ ಮುಗಿಯಿತು, ಐವತ್ಮೂರು ಮುಗಿಯಿತು. ಷಣ್ಮುಖಪ್ಪನ ಮಗಳು ಎಲ್ಲೂ ಇಲ್ಲ.

"ನಾನು ಹುಟ್ಟೇ ಇಲ್ಲೇನೋ ಅನ್ನಿಸ್ತೈತೆ," ಎಂದಳು ಒಂದು ದಿನ.

"ಹುಟ್ಟದೇ ಇದ್ದೋರು ಇಷ್ಟು ಮಾತಾಡ್ತಾರಾ?"

ಕಚೇರಿ ಗುಡಿಸುವ ಲಕ್ಷ್ಮಕ್ಕ ಬಾಗಿಲಲ್ಲೇ ನಿಂತು, "ಏನ್ ಸ್ವಾಮಿ, ಈ ರೂಮಿಗೆ ಈಗ ದಿನಕ್ಕೆ ಎರಡು ಸಲ ಕಸ ಹೊಡೆಸ್ತೀರಲ್ಲ?" ಎಂದಳು. ಶಿವಗಂಗಾ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಅವಳ ಕಿವಿ ಕೆಂಪಾಗಿತ್ತು.

ನಾಲ್ಕನೆಯ ಸಲ ಬಂದಾಗ ತಾಯಿಯ ಮಾತು ಬಂತು. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ತಾಯಿಯ ತವರು ಜಗಳೂರು ತಾಲ್ಲೂಕಿನ ಸೊಕ್ಕೆ. ತಾನೇ ಮೊದಲನೆಯ ಮಗು ಎಂದಳು.

ನನ್ನ ಬೆರಳು ಪುಟದ ಮೇಲೇ ನಿಂತಿತು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ. ಹುಟ್ಟಿದ ಊರಿನ ಪುಸ್ತಕದಲ್ಲಿ ಬರೆಯುತ್ತಾರೆಯೇ ಹೊರತು ಅಪ್ಪನ ಊರಿನಲ್ಲಲ್ಲ. "ಊರು ಯಾವುದು" ಎಂದು ಕೇಳಿದರೆ ಎಲ್ಲರೂ ಅಪ್ಪನ ಊರು ಹೇಳುತ್ತಾರೆ; ಅವಳೂ ಹೇಳಿದ್ದಳು, ಅವಳಪ್ಪನಿಗೂ ಹೊಳೆದಿರಲಿಲ್ಲ. ಅವಳ ತಾರೀಖು ನನ್ನ ಕಪಾಟಿನಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಅದು ಜಗಳೂರಿನ ಕಚೇರಿಯಲ್ಲಿತ್ತು.

ಅದನ್ನು ಆಗಲೇ ಹೇಳಬೇಕಿತ್ತು. ಹೇಳಿದರೆ ಅವಳು ಎದ್ದು ಹೋಗುತ್ತಾಳೆ, ಹೋದವಳು ಈ ಬೆಂಚಿಗೆ ಮತ್ತೆ ಬರುವುದಿಲ್ಲ.

"ಇನ್ನೂ ಐವತ್ನಾಲ್ಕು ಬಾಕಿ ಐತೆ. ನಾಡಿದ್ದು ಬರ್ರಿ," ಎಂದೆ.

ಒಂಬತ್ತು ದಿನ ಹಾಗೇ ಕಳೆದೆ. ಆ ಒಂಬತ್ತು ದಿನ ನಾನು ಬಲು ಸುಖವಾಗಿದ್ದೆ, ಮನೆಗೆ ಹೋದರೆ ಊಟ ಮಾತ್ರ ಸೇರುತ್ತಿರಲಿಲ್ಲ.

ಹತ್ತನೆಯ ದಿನ ಬುಧವಾರ. ಅವಳು ಬೆಂಚಿನ ಮೇಲೆ ಕೂರಲಿಲ್ಲ. ಕಣ್ಣು ಊದಿಕೊಂಡಿತ್ತು.

"ಶುಕ್ರವಾರ ಕೋರ್ಟಿನ ಕೊನೇ ವಾಯಿದೆ. ಅಪ್ಪ ಸಾಕು ಬಿಡು ಅಂತಾರೆ. ದಾವಣಗೆರೆ ಕಡೆ ಗಂಡು ನೋಡ್ಯಾರೆ. ಅವರ ಮನೇಲಿ ಹೆಣ್ಮಕ್ಕಳನ್ನ ಕೆಲಸಕ್ಕೆ ಕಳಿಸಲ್ಲಂತೆ. ನೀವು ಇಷ್ಟು ಕಷ್ಟಪಟ್ರಿ, ಅದಕ್ಕೆ ಹೇಳಿ ಹೋಗಾಕೆ ಬಂದೆ."

ನೀವು ಕಷ್ಟಪಟ್ರಿ ಎಂದಳಲ್ಲ, ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ನಿಮ್ಮ ತಾರೀಖು ಇಲ್ಲಿಲ್ಲ ರೀ. ಜಗಳೂರಾಗೈತೆ. ಒಂಬತ್ತು ದಿನದಿಂದ ನನಗೆ ಗೊತ್ತು."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬರ್ತಿರಲಿಲ್ಲ."

ಅವಳ ಮುಖದ ಮೇಲೆ ಸಿಟ್ಟು ಬಂತು, ಕಣ್ಣಿಗೆ ನೀರು ಬಂತು, ಎರಡನ್ನೂ ನುಂಗಿಕೊಂಡಳು.

"ನನ್ನ ಜೀವನ ನಿಮಗೆ ಆಟ ಆಯ್ತೇನ್ರೀ?" ಎಂದಳು, ತೀರಾ ಮೆಲ್ಲಗೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನಾನು ಬಿಳಿ ಹಾಳೆ ತೆಗೆದು ಜಗಳೂರಿನ ಕಚೇರಿಗೆ ಹೊಸ ಅರ್ಜಿ ಬರೆದೆ. ಅವಳು ಸಹಿ ಹಾಕಿದಳು, ನನ್ನ ಪೆನ್ನು ಮುಟ್ಟದೆ ತನ್ನದರಿಂದಲೇ.

ಗುರುವಾರ ರಜೆ ಹಾಕಿ, ಮೊದಲನೆಯ ಬಸ್ಸಿಗೆ ದಾವಣಗೆರೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಜಗಳೂರು ತಲುಪಿದೆ. ಅಲ್ಲಿಯ ರೆಕಾರ್ಡ್ ರೂಮಿನ ಓಬಳಪ್ಪನವರು ರಿಟೈರ್ ಆಗುವುದಕ್ಕೆ ಹತ್ತಿರವಿದ್ದ ಮನುಷ್ಯ. ಅರ್ಜಿ ನೋಡಿ, "ಮುಂದಿನ ವಾರ ಬಾರಪ್ಪ," ಎಂದರು. ನಾನು ದಿನಾ ಹೇಳುವ ಮಾತು ಮೊದಲ ಸಲ ನನ್ನ ಕಿವಿಗೆ ಬಿತ್ತು.

ಬೇರೆ ದಾರಿ ಕಾಣದೆ ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಮೂವತ್ತು ವರ್ಷ ಈ ಕೆಲಸ ಮಾಡೀನಿ. ಒಬ್ಬರಾದ್ರೂ ಸಿಕ್ಕಿದ್ದನ್ನ ಮುಚ್ಚಿಡೋವಷ್ಟು ಚೆಂದದೋರು ನನ್ನ ಬಾಗಿಲಿಗೆ ಬರಲಿಲ್ಲ ನೋಡು," ಎಂದು ಎದ್ದು, ಸೊಕ್ಕೆಯ ಪುಸ್ತಕ ತಾವೇ ಇಳಿಸಿದರು.

ಅರ್ಧ ಗಂಟೆಯಲ್ಲಿ ಸಿಕ್ಕಿತು. 1953ರ ಜನವರಿ ಹದಿಮೂರು. ತಂದೆ ಷಣ್ಮುಖಪ್ಪ, ನಲ್ಲೂರು. ಮಗು: ಹೆಣ್ಣು. ವರದಿ ಕೊಟ್ಟವರು ಅಜ್ಜಿ ಸಾವಂತ್ರಮ್ಮ, ಹೆಬ್ಬೆಟ್ಟಿನ ಗುರುತು. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ಸಂಜೆ ಐದಕ್ಕೆ ತಹಸೀಲ್ದಾರರ ಸಹಿ, ಸೀಲು ಎಲ್ಲ ಆಯಿತು.

ಶುಕ್ರವಾರ ಕೋರ್ಟಿನ ಅಂಗಳದ ಹುಣಸೆಮರದ ಕೆಳಗೆ ನಕಲನ್ನು ಅವಳ ಕೈಗೆ ಕೊಟ್ಟೆ. ಪಕ್ಕದಲ್ಲಿ ಅವಳಪ್ಪ ನಿಂತಿದ್ದರು. ಅವಳು ಓದಿದಳು.

"ಇದರಾಗೆ ನನ್ನ ಹೆಸರೇ ಇಲ್ಲ."

"ಹೆಸರಿಡೋಕೆ ಮುಂಚೆನೇ ಬರೆಸಿರ್ತಾರೆ ರೀ. ಅಪ್ಪನ ಹೆಸರು ಐತಲ್ಲ, ಕೋರ್ಟಿಗೆ ಅಷ್ಟು ಸಾಕು."

ತಲೆಯಾಡಿಸಿದಳು. ಥ್ಯಾಂಕ್ಸ್ ಎನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ಅಪ್ಪನ ಜೊತೆ ಒಳಗೆ ಹೋದಳು.

ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು. ಹತ್ತರ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ನಾನು ಬಾಗಿಲು ನೋಡುತ್ತಿದ್ದೆ. ಕೇಸು ಗೆದ್ದು ಅವಳಿಗೆ ಕೆಲಸವಾಯಿತು, ಜಗಳೂರಿನ ಕಡೆಯ ಒಂದು ಊರಿಗೆ ಹಾಕಿದ್ದಾರೆ ಎಂದು ಲಕ್ಷ್ಮಕ್ಕ ಸುದ್ದಿ ತಂದಳು. ಸಂತೋಷಪಟ್ಟೆ. ಆಮೇಲೆ ಆ ಬೆಂಚನ್ನು ಗೋಡೆಗೆ ತಿರುಗಿಸಿ ಇಟ್ಟೆ, ನೋಡಿದರೆ ಸಂಕಟವಾಗುತ್ತಿತ್ತು.

ಮೇ ತಿಂಗಳ ಕೊನೆಯ ಸೋಮವಾರ ನನ್ನ ಮೇಜಿನ ಮೇಲೆ ಒಂದು ಅರ್ಜಿ ಬಂದು ಕೂತಿತು. ಮೂಲೆಯಲ್ಲಿ ಸೊಟ್ಟ ಸ್ಟ್ಯಾಂಪು. ತಲೆ ಎತ್ತಲು ಧೈರ್ಯವಾಗದೆ ಮೊದಲು ಓದಿದೆ. 'ಹೊನ್ನಾಳಿ ತಾಲ್ಲೂಕು ಸವಳಂಗದ ಮಹೇಶ್ವರಪ್ಪ ಎಂಬುವರು ಹುಟ್ಟಿದ ತಾರೀಖು ಹುಡುಕಿಕೊಡಬೇಕಾಗಿ ವಿನಂತಿ. ತಾಯಿಯ ತವರು ನ್ಯಾಮತಿ.'

"ಇದು... ಇದು ನಿಮಗ್ಯಾಕೆ?"

"ದಾವಣಗೆರೆಯೋರಿಗೆ ಬ್ಯಾಡ ಅಂದೆ. ಅಪ್ಪ ಹಂಗಾದ್ರೆ ಯಾರು ಅಂತ ಕೇಳಿದ್ರು. ಹೇಳಿದೆ. ಹುಡುಗನ ಜಾತಕ ತಾ ಅಂದ್ರು." ದನಿ ಗಟ್ಟಿಯಾಗಿತ್ತು, ಸೆರಗಿನ ತುದಿ ಮಾತ್ರ ಬೆರಳಿಗೆ ಸುತ್ತಿಕೊಳ್ಳುತ್ತಿತ್ತು. "ನಿಮ್ಮ ಅವ್ವನ ತವರು ಲಕ್ಷ್ಮಕ್ಕ ಹೇಳಿದ್ಲು."

ನನ್ನ ಬಾಯಿಂದ ಹೊರಟದ್ದು ಗುಮಾಸ್ತನ ಮಾತು.

"ನ್ಯಾಮತಿ ಪುಸ್ತಕ ಹೊನ್ನಾಳಿ ಆಫೀಸಿನಾಗಿರ್ತೈತೆ ರೀ. ಇಲ್ಲಿ ಸಿಗಲ್ಲ."

"ಗೊತ್ತು."

"ಗೊತ್ತಿದ್ದೂ ಇಲ್ಲಿಗೆ ಬಂದ್ರಾ?"

"ಗೊತ್ತಿದ್ದೂ ನೀವು ಒಂಬತ್ತು ದಿನ ಹುಡುಕಲಿಲ್ವಾ?"

ಎಡಗೆನ್ನೆಯಲ್ಲಿ ಗುಳಿ ಬಿತ್ತು. ಅವಳೇ ಹೋಗಿ ಬೆಂಚನ್ನು ಈ ಕಡೆ ತಿರುಗಿಸಿ, ಸೀರೆ ಸರಿ ಮಾಡಿಕೊಂಡು ಕೂತಳು.

"ಡ್ಯೂಟಿಗೆ ಸೇರಾಕೆ ನನಗೆ ಇನ್ನೂ ಹತ್ತು ದಿನ ಐತೆ. ಹುಡುಕ್ರಿ, ಕೂತಿರ್ತೀನಿ."

ನಾನು ಎದ್ದು ಕಪಾಟಿನಿಂದ ನಲ್ಲೂರಿನ ಪುಸ್ತಕ ಇಳಿಸಿದೆ. ಧೂಳು ಕೊಡವಿ, ಅವಳ ಎದುರಿಗೆ ಕೂತು, ಮೊದಲನೆಯ ಪುಟದಿಂದ ನಿಧಾನವಾಗಿ ಹುಡುಕತೊಡಗಿದೆ.