ಡಬ್ಬದ ಮೇಷ್ಟ್ರ ಬ್ರೇಕು

ಪೆರೇಸಂದ್ರ ದಾಟಿದ ಮೇಲೆ ಸಿಗುವ ತಿರುವಿನಲ್ಲಿ ಹೆಣ ಬಿದ್ದಿತ್ತು. ಹತ್ತು ಮಾರು ಆಚೆ ಚರಂಡಿಯಲ್ಲಿ ಮೋಟಾರ್‌ಸೈಕಲ್ಲು. ಓಡಿಸಿದವನು ನಾಪತ್ತೆ.

ಸತ್ತವಳು ಆದಿಲಕ್ಷ್ಮಮ್ಮ, ಅಂಗನವಾಡಿಯ ಆಯಾ. ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದಿಟ್ಟು ಮನೆಗೆ ಹೋಗುತ್ತಿದ್ದವಳು. ಹೊತ್ತು ಮಧ್ಯಾಹ್ನ ಒಂದೂವರೆ. ಗಂಡಸೊಬ್ಬ ಕಡಲೇಕಾಯಿ ಹೊಲದಲ್ಲಿ ಎದ್ದೆನೋ ಬಿದ್ದೆನೋ ಎಂದು ಓಡಿದ್ದನ್ನು ಒಬ್ಬ ಮುದುಕಿ ಹಿಂದಿನಿಂದ ಕಂಡಿದ್ದಳು. ಮುಖ ಕಂಡವರಿಲ್ಲ.

ಎಸ್.ಐ. ಅನಸೂಯಮ್ಮ ಬಂದದ್ದು ಮೊಪೆಡ್ಡಿನಲ್ಲಿ. ಠಾಣೆಯ ಜೀಪು ಎಂದಿನಂತೆ ಕೆಟ್ಟಿತ್ತು. ಹಿಂದೆ ಕಾನ್ಸ್‌ಟೇಬಲ್ ಬಯ್ಯಪ್ಪ ಮೊಣಕಾಲು ಅಗಲಿಸಿಕೊಂಡು ಕೂತಿದ್ದ. ಹೆಣದ ಮುಂದೆ ನಿಂತಿದ್ದ ಪಡ್ಡೆಗಳು ಮೂತಿ ತಿರುಗಿಸಿ ನಕ್ಕರು. ಈ ಜನಕ್ಕೆ ಸಾವಿಗಿಂತ ಮೊಪೆಡ್ಡೇ ದೊಡ್ಡ ಸುದ್ದಿ!

"ಡಬ್ಬದ ಮೇಷ್ಟ್ರ ಗಾಡಿ ಮೇಡಂ ಇದು," ಅಂದ ಬಯ್ಯಪ್ಪ, ಚರಂಡಿ ಕಡೆ ಕೈ ತೋರಿಸಿ. "ಇಡೀ ಚಿಕ್ಕಬಳ್ಳಾಪುರಕ್ಕೆ ಒಂದೇ."

ಗಾಡಿಯ ಪಕ್ಕಕ್ಕೆ ತಗಡಿನ ಡಬ್ಬವೊಂದನ್ನು ಬಿಗಿದಿದ್ದರು. ಅದರಿಂದ ಎರಡೂ ಚಕ್ರಗಳಿಗೆ ವೈರು. ಕೀ ಇರಲಿಲ್ಲ. ಅನಸೂಯಮ್ಮ ರಸ್ತೆಯ ಮೇಲಿನ ಟೈರಿನ ಗುರುತನ್ನು ಹೆಜ್ಜೆ ಹಾಕಿ ಅಳೆದಳು. ಹೆಣದವರೆಗೆ ಇಪ್ಪತ್ತೆಂಟು ಹೆಜ್ಜೆ. ಒಂದೇ ಕರಿ ಗೆರೆ, ಎಲ್ಲೂ ಕಡಿದಿಲ್ಲ. ಆಮೇಲೆ ಬಗ್ಗಿ ಸೀಟಿನ ಚಿಲಕ ತೆಗೆದು ಎತ್ತಿ ನೋಡಿದಳು. ಒಳಗೊಂದು ಕೆಂಪು ಸ್ವಿಚ್ಚು, ಅದು ತಾನಾಗಿ ಆಫ್ ಆಗದಂತೆ ಮೇಲೊಂದು ಮುಚ್ಚಳ ಬೇರೆ. ಸ್ವಿಚ್ಚು ಆಫ್ ಆಗಿತ್ತು.

"ಬಯ್ಯಪ್ಪ, ಸೀಟು ಮುಚ್ಚಿ ಸೀಲ್ ಹಾಕು. ಒಳಗೆ ಏನು ನೋಡಿದೆ ಅಂತ ನಿನ್ನ ಹೆಂಡ್ತಿಗೂ ಹೇಳ್ಬೇಡ."

"ನಾನೇನೂ ನೋಡೇ ಇಲ್ಲ ಬಿಡಿ ಮೇಡಂ."

* * *

ಡಬ್ಬದ ಮೇಷ್ಟ್ರು ಅಂದರೆ ಯೋಗನರಸಿಂಹ, ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಸಂಜೆಗೆಲ್ಲ ಅವರನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದಾಗಿತ್ತು. ಸಸ್ಪೆಂಡ್ ಮಾಡಿದ ಕಾಗದವೂ ಪ್ರಿನ್ಸಿಪಾಲರಿಂದ ಅಷ್ಟರಲ್ಲೇ ಬಂದಿತ್ತು. ಹೊರಗೆ ಪೆರೇಸಂದ್ರದ ಜನ. "ಆ ಡಬ್ಬ ತಾನೇ ಬ್ರೇಕ್ ಬಿಡುತ್ತಂತೆ! ಕೊಲೆಗಾರ!" ಅಂತ ಕೂಗು. ತಪ್ಪಿತಸ್ಥ ಸಿಗದಿದ್ದರೆ ಮರುದಿನ ಸಂಜೆಯೊಳಗೆ ಇವರನ್ನೇ ಕೋರ್ಟಿಗೆ ಕಳಿಸಬೇಕು. ಅನಸೂಯಮ್ಮನಿಗೆ ಅದು ಗೊತ್ತಿತ್ತು.

"ಒಂದೂವರೆಗೆ ಎಲ್ಲಿದ್ರಿ?"

"ಲ್ಯಾಬಲ್ಲಿ. ಒಬ್ಬನೇ ಇದ್ದೆ."

"ಗಾಡಿ ಕಳುವಾಗಿದ್ದರೆ ಕಂಪ್ಲೇಂಟ್ ಯಾಕೆ ಕೊಡ್ಲಿಲ್ಲ?"

ಮೇಷ್ಟ್ರು ತಲೆ ತಗ್ಗಿಸಿದರು. "ಎರಡು ಸಲ ಹೀಗೇ ಬಚ್ಚಿಟ್ಟಿದ್ರು ಮೇಡಂ, ಟೀ ಅಂಗಡಿ ಹತ್ರ ಸೇರೋ ಹುಡುಗರು. ಇದೂ ಅವರದ್ದೇ ಚೇಷ್ಟೆ ಅಂದ್ಕೊಂಡೆ. ಗಾಡಿ ಹಳೇದು, ಕೀ ತೂತು ಸವೆದುಹೋಗಿದೆ. ಯಾವ ಕೀ ಹಾಕಿದ್ರೂ ತಿರುಗುತ್ತೆ."

"ಈ ಡಬ್ಬ ಏನು ಮಾಡುತ್ತೆ? ನನಗೆ ಅರ್ಥ ಆಗೋ ಹಾಗೆ ಹೇಳಿ."

"ಜೋರಾಗಿ ಬ್ರೇಕ್ ಹಿಡಿದ್ರೆ ಚಕ್ರ ಕಚ್ಕೊಂಡು ಜಾರುತ್ತೆ. ಕಚ್ಕೊಂಡ ತಕ್ಷಣ ಡಬ್ಬ ಚೂರು ಬಿಟ್ಟು ಮತ್ತೆ ಹಿಡಿಯುತ್ತೆ. ಕಣ್ಣು ಮಿಟುಕಿಸೋದ್ರೊಳಗೆ ಹತ್ತು ಸಲ. ಕಳೆದ ಭಾನುವಾರ ಸ್ವಿಚ್ ಆಫ್ ಮಾಡಿ ಒಂದು ಸಲ, ಆನ್ ಮಾಡಿ ಒಂದು ಸಲ, ಅವರ ಮುಂದೇನೇ ತೋರಿಸಿದೆ."

"ಅವರೇನಂದ್ರು?"

"ನಕ್ರು," ಅಂದರು ಮೇಷ್ಟ್ರು.

* * *

ಟೀ ಅಂಗಡಿ ಪಕ್ಕದಲ್ಲೇ ಗಂಗುಲಪ್ಪನ ಗ್ಯಾರೇಜು. ಮರುದಿನ ಅನಸೂಯಮ್ಮ ಮೊದಲು ಹೋದದ್ದು ಅಲ್ಲಿಗೆ. ಸೀಟಿನ ಚಿಲಕದ ಮೇಲೆ ಗ್ರೀಸು ಮೆತ್ತಿದ್ದನ್ನು ಅವಳು ನೋಡಿದ್ದಳು. ಗ್ರೀಸಿನ ಕೈ ಅಂದರೆ ಮೊದಲು ನೆನಪಾಗುವುದು ಮೆಕ್ಯಾನಿಕ್ಕು.

"ಅಯ್ಯೋ ರಾಮ, ಚಿಲಕ ಕಿರುಗುಟ್ತಿತ್ತಮ್ಮ, ಶನಿವಾರ ನಾನೇ ಹಚ್ಚಿದ್ದು," ಅಂದ ಗಂಗುಲಪ್ಪ. "ನಿನ್ನೆ ಮಧ್ಯಾಹ್ನ ನಾನು ಊರಲ್ಲೇ ಇಲ್ಲ. ತೊಂಡೇಬಾವಿ ಸ್ಟೇಷನ್ ಮಾಸ್ಟರ ಸ್ಕೂಟರ್ ಬಿಚ್ಕೊಂಡು ಕೂತಿದ್ದೆ. ಬೇಕಾದ್ರೆ ಫೋನ್ ಮಾಡಿ."

ಮಾಡಿದಳು. ನಿಜವಾಗಿತ್ತು. ಸ್ಕೂಟರ್ ಇನ್ನೂ ಸ್ಟಾರ್ಟ್ ಆಗಿಲ್ಲ ಎಂದು ಸ್ಟೇಷನ್ ಮಾಸ್ಟರು ಹತ್ತು ನಿಮಿಷ ಬೈದರು.

ಅಷ್ಟು ಹೊತ್ತಿಗೆ ಮೋಟಾರ್‌ಸೈಕಲ್ಲಿನ ಗುಡುಗುಡು ಸದ್ದು ಮಾಡುತ್ತಾ ವೆಂಕಟೇಶ್ ಬಂದ. ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯಾಪಾರಿಯ ಮಗ, ಟೀ ಅಂಗಡಿ ಹುಡುಗರಿಗೆಲ್ಲ ನಾಯಕ. ಕರಿ ಕನ್ನಡಕ, ಉರಿಬಿಸಿಲಲ್ಲೂ ಕೈಗೆ ಚರ್ಮದ ಗ್ಲೌಸು. ಯಾವುದೋ ರೇಸಿನಲ್ಲಿ ಮೂರನೇ ಬಹುಮಾನ ಬಂದದ್ದಕ್ಕೆ ಊರೆಲ್ಲ ಅವನನ್ನು ಹೊತ್ತು ಮೆರೆಸಿತ್ತು. ಎಷ್ಟು ಜನ ಓಡಿದ್ದರು ಅಂತ ಯಾರೂ ಕೇಳಿರಲಿಲ್ಲ.

"ಏನ್ ಮೇಡಂ, ಮೊಪೆಡ್ ಸರ್ವಿಸ್ಸಾ?" ಅಂದ.

"ಡಬ್ಬದ ವಿಷಯ ಕೇಳಕ್ಕೆ ಬಂದೆ."

"ಥೂ! ಅದನ್ನ ಗಾಡಿ ಅಂತಾರಾ? ಮುಂದಿನ ಬ್ರೇಕೇ ಹೇಡಿಗಳ ಕೆಲಸ. ನಾನು ಗಾಡಿ ತಗೊಂಡ ದಿನಾನೇ ಮುಂದಿನ ಬ್ರೇಕಿನ ಕೇಬಲ್ ಬಿಚ್ಚಿಸಿದ್ದೀನಿ. ಹಿಂದಿನ ಬ್ರೇಕು, ನನ್ನ ಕಾಲು, ಸಾಕು. ಬ್ರೇಕ್ ಹಿಡಿಯೋಕೂ ಕರೆಂಟ್ ಬೇಕಾದ್ರೆ ಸೀರೆ ಉಟ್ಕೊಳ್ಳೋದು ವಾಸಿ."

ಗಂಗುಲಪ್ಪ ಕಿಸಕ್ಕನೆ ನಕ್ಕ. ಸೀರೆ ಉಡುವವಳು ಎದುರಿಗೇ ಖಾಕಿಯಲ್ಲಿ ನಿಂತಿದ್ದಾಳೆಂದು ಇಬ್ಬರಿಗೂ ಹೊಳೆಯಲಿಲ್ಲ. ಅನಸೂಯಮ್ಮನಿಗೆ ಮೈ ಉರಿಯಿತು, ಆದರೂ ನಕ್ಕಳು. ಬಾಯಿ ಇದ್ದವನು ಬದುಕುತ್ತಾನೆ ಅನ್ನುತ್ತಾರೆ. ಕೆಲವರು ಅದೇ ಬಾಯಿಂದ ಕೆಡುತ್ತಾರೆ.

"ಸ್ವಲ್ಪ ಠಾಣೆಗೆ ಬಾಪ್ಪಾ. ಗಾಡಿ ವಿಷಯ ನನಗೆ ತಲೆಗೆ ಹತ್ತಲ್ಲ. ನೀನು ತಿಳಿದವನು."

ಉಬ್ಬಿಹೋದ. ಬಂದ.

* * *

ಠಾಣೆಯಲ್ಲಿ ಮೇಷ್ಟ್ರಿದ್ದರು. ಮೂಲೆಯಲ್ಲಿ ಆದಿಲಕ್ಷ್ಮಮ್ಮನ ಮಗಳು, ಅತ್ತೂ ಅತ್ತೂ ಕಣ್ಣು ಊದಿದ್ದವಳು. ಅನಸೂಯಮ್ಮ ಎಲ್ಲರಿಗೂ ಕೇಳುವಂತೆ ಶುರು ಮಾಡಿದಳು.

"ನನಗನಿಸಿದ್ದು ಇಷ್ಟು. ಮೇಷ್ಟ್ರ ಗಾಡಿ ಕದ್ದವನು ಶುದ್ಧ ಪುಕ್ಕಲ. ಡಬ್ಬ ಕಾಪಾಡುತ್ತೆ ಅಂತ ನಂಬ್ಕೊಂಡು ಹೋಗಿದ್ದಾನೆ. ವೆಂಕಟೇಶ್, ನಿನ್ನಂಥ ಗಂಡಸಲ್ಲ ಅವನು. ನನ್ನ ಥರ, ಮೊಪೆಡ್ ಗಿರಾಕಿ."

"ಹಂಗೇನಿಲ್ಲ ಮೇಡಂ..."

"ಹಂಗೇ ಕಣಪ್ಪಾ. ಎರಡೂ ಬ್ರೇಕು ಹಿಡಿದು, ಡಬ್ಬದ ಕಾಲಿಗೆ ಬಿದ್ದು, ಆದರೂ ನಿಲ್ಲಿಸಕ್ಕಾಗಲಿಲ್ಲ. ಹೇಡಿ. ಕೈಲಾಗದವನು."

ವೆಂಕಟೇಶನ ಮುಖ ಕೆಂಪೇರಿತು. "ಡಬ್ಬ ಎಲ್ಲಿತ್ತು ಮೇಡಂ? ಸೀಟ್ ಕೆಳಗಿನ ಸ್ವಿಚ್ಚೇ ಆಫ್ ಇತ್ತಲ್ಲ!"

ಬಯ್ಯಪ್ಪ ಎದ್ದು ಬಾಗಿಲಿಗೆ ಅಡ್ಡ ನಿಂತ.

"ಆಫ್ ಇತ್ತು ಅಂತ ನಿನಗೆ ಯಾರು ಹೇಳಿದ್ರು?"

"ಅದು... ಊರೆಲ್ಲ ಮಾತಾಡ್ತಿದೆ."

"ಮಾತಾಡಕ್ಕೆ ಊರಿಗೆ ಗೊತ್ತಿರಬೇಕಲ್ಲ? ಸೀಟಿಗೆ ನಾನು ಹಾಕಿದ ಸೀಲು ಹಾಗೇ ಇದೆ. ಒಳಗೆ ನೋಡಿದವರು ನಾನು, ಬಯ್ಯಪ್ಪ, ಆಫ್ ಮಾಡಿದವನು. ಮೂರೇ ಜನ. ಗ್ಲೌಸ್ ಬಿಚ್ಚು."

ಅವನು ಬಿಚ್ಚಲಿಲ್ಲ. ಬಯ್ಯಪ್ಪ ಹಿಡಿದು ಎಳೆದ. ಎರಡೂ ಅಂಗೈ ಕಿತ್ತುಹೋಗಿತ್ತು. ಗಾಯದೊಳಗೆ ಇನ್ನೂ ಜಲ್ಲಿಯ ಚೂರು.

"ರಸ್ತೆ ನನಗೆ ಮೊದಲೇ ಹೇಳಿತ್ತು," ಅಂದಳು ಅನಸೂಯಮ್ಮ. "ಡಬ್ಬ ಆನ್ ಇದ್ದಿದ್ರೆ ಗುರುತು ತುಂಡು ತುಂಡಾಗಿ ಬೀಳಬೇಕು. ಬಿದ್ದಿದ್ದು ಒಂದೇ ಉದ್ದ ಗೆರೆ, ಹಿಂದಿನ ಚಕ್ರದ್ದು ಮಾತ್ರ. ಮೇಷ್ಟ್ರು ಮೂರು ವರ್ಷ ಹೊತ್ತು ಹೆತ್ತ ಕೂಸನ್ನ ತಾವೇ ಯಾಕೆ ಮಲಗಿಸ್ತಾರೆ? ಕದಿಯೋ ಅವಸರದಲ್ಲೂ ಸೀಟು ಎತ್ತಿ, ಮುಚ್ಚಳ ತೆಗೆದು, ಆಫ್ ಮಾಡ್ಬೇಕು ಅಂದ್ರೆ ಅವನಿಗೆ ಡಬ್ಬದ ಮೇಲೆ ಎಷ್ಟು ತಾತ್ಸಾರ ಇರ್ಬೇಕು! ಯಾಕೆ ತಗೊಂಡು ಹೋದೆ, ಹೇಳು."

ವೆಂಕಟೇಶ್ ಅಂಗೈ ಮುಚ್ಚಿಕೊಂಡ. "ಡಬ್ಬ ಇಲ್ದೇನೂ ಆ ತಿರುವಲ್ಲಿ ಮೇಷ್ಟ್ರ ಸ್ಪೀಡಲ್ಲೇ ಹೋಗಬಹುದು ಅಂತ ಎಲ್ಲರಿಗೂ ತೋರಿಸ್ಬೇಕಿತ್ತು. ಮೊದಲು ಒಬ್ಬನೇ ನೋಡೋಣ ಅಂತ ಹೋದೆ. ಆಯಮ್ಮ ಅಡ್ಡ ಬಂದ್ರು."

"ಮುಂದಿನ ಬ್ರೇಕು?"

"ಹಿಡೀಲಿಲ್ಲ."

"ಮೇಷ್ಟ್ರ ಗಾಡಿಯಲ್ಲಿ ಕೇಬಲ್ ಇತ್ತಲ್ಲೋ! ಬೆರಳ ತುದೀಲೇ ಇತ್ತಲ್ಲೋ!"

"ಅಭ್ಯಾಸ ಇಲ್ಲ ಮೇಡಂ," ಅಂದ. ಊರಿಗೆಲ್ಲ ಗಂಡಸುತನ ಹಂಚುತ್ತಿದ್ದವನ ದನಿ ಇಲಿಮರಿಯ ದನಿಯಾಗಿತ್ತು.

ಬಯ್ಯಪ್ಪ ಅವನನ್ನು ಲಾಕಪ್ಪಿಗೆ ತಳ್ಳಿದ. ಮೇಷ್ಟ್ರು ಎದ್ದು ನಿಂತರು. ಅವರನ್ನು ಬಿಟ್ಟಾಗಿತ್ತು. ಆದರೆ ಆದಿಲಕ್ಷ್ಮಮ್ಮನ ಮಗಳು ಅಡ್ಡ ಬಂದು ನಿಂತಳು.

"ಸಾರ್, ಅದು ಆನ್ ಇದ್ದಿದ್ರೆ ಎಷ್ಟು ಹೆಜ್ಜೆಗೆ ನಿಲ್ತಿತ್ತು?"

ಮೇಷ್ಟ್ರು ಅನಸೂಯಮ್ಮನ ಕಡೆ ನೋಡಿದರು. ಸುಳ್ಳು ಹೇಳುವುದು ಅವರಿಗೆ ಬರುತ್ತಿರಲಿಲ್ಲ.

"ಎರಡೂ ಬ್ರೇಕ್ ಹಿಡಿದಿದ್ರೆ ಹದಿನೈದಕ್ಕೆ, ಹೆಚ್ಚು ಅಂದ್ರೆ ಹದಿನಾರಕ್ಕೆ ನಿಲ್ತಿತ್ತಮ್ಮ."

"ಅಮ್ಮ ಇದ್ದಿದ್ದು?"

"ಇಪ್ಪತ್ತೆಂಟರಲ್ಲಿ," ಅಂದಳು ಅನಸೂಯಮ್ಮ.

ಹುಡುಗಿ ಲಾಕಪ್ಪಿನ ಕಂಬಿಯ ಹತ್ತಿರ ಹೋಗಿ, ವೆಂಕಟೇಶನ ಕಡೆ ತಿರುಗಿಯೂ ನೋಡದೆ ನೆಲಕ್ಕೆ ಉಗಿದು ಹೊರಗೆ ಹೋದಳು.